ಗರಗಸ ತಾಗಿದರೆ ಮೊದಲು ರಕ್ತ ನಿಲ್ಲಿಸಿ: ಮರ ಕಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ತೊಡೆಯ ದೊಡ್ಡ ರಕ್ತನಾಳ ಪೂರ್ತಿ ತುಂಡಾದರೆ ಮನುಷ್ಯ ಮೂರು-ನಾಲ್ಕು ನಿಮಿಷದಲ್ಲಿ ಪ್ರಾಣ ಬಿಡಬಹುದು. ಈಗ ನೀವು ಮರ ಕಡಿಯುವ ಜಾಗವನ್ನು ನೆನಪು ಮಾಡಿಕೊಳ್ಳಿ. ಪಿಕಪ್ ನಿಂತಿರುವುದು ಮೇಲೆ ರಸ್ತೆ ಬದಿಯಲ್ಲಿ. ಕೆಲಸ ಕೆಳಗೆ ತೋಟದಲ್ಲಿ, ತೋಡು ದಾಟಿದ ಮೇಲೆ. ನಮ್ಮ ಕಾಸರಗೋಡಿನ ಅಡೂರಿನ ಒಳಗೋ ಬಾಯಾರಿನ ಗುಡ್ಡೆಯ ಆಚೆಗೋ ಆದರೆ ಒಂದು ಫೋನ್ ಮಾಡಲು ಕೂಡ ದಿಣ್ಣೆ ಹತ್ತಬೇಕಾಗಬಹುದು. ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಮೂರು ನಿಮಿಷಕ್ಕೆ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ರಕ್ತ ನಿಲ್ಲಿಸುವುದು ಡಾಕ್ಟರ ಕೆಲಸವಲ್ಲ, ಮರದ ಬುಡದಲ್ಲಿ ಹಗ್ಗ ಹಿಡಿದು ನಿಂತವನ ಕೆಲಸ.

ಇದು ಮೆಷಿನ್ ಗರಗಸ (ಚೈನ್‌ಸಾ) ಹಿಡಿಯುವವರಿಗೆ, ಗೆಲ್ಲು ಸವರಲು ಮರ ಹತ್ತುವವರಿಗೆ, ಕೆಳಗೆ ಇರುವವರಿಗೆ. ಕೆಲಸ ಮಾಡಿಸುವ ತೋಟದವರೂ ಓದಿದರೆ ಒಳ್ಳೆಯದು, ಯಾಕೆಂದರೆ ಆ ಹೊತ್ತಿಗೆ ಕಾರು ಸಿಗುವುದು ಹೆಚ್ಚಾಗಿ ಅವರ ಅಂಗಳದಲ್ಲೇ. ಆದರೆ ಬರೀ ಓದಿದರೆ ಕೈ ಕಲಿಯುವುದಿಲ್ಲ. ರೆಡ್ ಕ್ರಾಸ್‌ನವರು, ಸೇಂಟ್ ಜಾನ್ ಆಂಬುಲೆನ್ಸ್‌ನವರು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತಾರೆ. ಮಳೆಗಾಲಕ್ಕೆ ಮೊದಲು ಮನೆ ಮೇಲಿನ ಗೆಲ್ಲು ತೆಗೆಸುವ ಗಡಿಬಿಡಿ ಶುರುವಾಗುತ್ತದಲ್ಲ, ಅದಕ್ಕೆ ಮುಂಚೆ ತಂಡದಲ್ಲಿ ಇಬ್ಬರಾದರೂ ಕಲಿತು ಬನ್ನಿ.

ಮೆಷಿನ್ ಗಾಯ ಬೇರೆ, ಕತ್ತಿ ಗಾಯ ಬೇರೆ

ಕತ್ತಿ ತಾಗಿದರೆ ಗಾಯ ನೇರ ಇರುತ್ತದೆ. ಮೆಷಿನ್ ಗರಗಸದ ಚೈನು ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದು ಕೊಯ್ಯುವುದಿಲ್ಲ, ಮಾಂಸವನ್ನು ಕಿತ್ತು ತೆಗೆಯುತ್ತದೆ. ಗಾಯದೊಳಗೆ ಮರದ ಹುಡಿ, ಆಯಿಲ್, ಪ್ಯಾಂಟಿನ ಚೂರು ಎಲ್ಲ ಸೇರಿರುತ್ತದೆ. ತುಂಡಾದ ರಕ್ತನಾಳ ಮಾಂಸದ ಒಳಕ್ಕೆ ಎಳೆದುಕೊಂಡು ಬಿಡುತ್ತದೆ. ಹೀಗಾಗಿ ಮೇಲಿಂದ ಬೈರಾಸು ಸುತ್ತಿದರೆ ಹೊರಗೆ ರಕ್ತ ಕಾಣದೆ ಇರಬಹುದು, ಒಳಗೆ ಮಾತ್ರ ಹರಿಯುತ್ತಲೇ ಇರುತ್ತದೆ.

ನೆಲದಲ್ಲಿ ನಿಂತು ಕೊಯ್ಯುವಾಗ ಜಾಸ್ತಿ ತಾಗುವುದು ಎಡ ತೊಡೆಗೆ, ಎಡ ಮೊಣಕಾಲಿಗೆ. ಬಾರಿನ (ಚೈನು ಸುತ್ತುವ ಉದ್ದ ಪಟ್ಟಿಯ) ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿ ಮೆಷಿನ್ ಹಿಂದಕ್ಕೆ ಒದ್ದರೆ ಅದು ಬರುವುದು ಮುಖ, ಕುತ್ತಿಗೆ, ಎಡ ಭುಜದ ಕಡೆಗೆ. ಮರದ ಮೇಲೆ ಸಣ್ಣ ಮೆಷಿನನ್ನು ಬಲಗೈಯಲ್ಲಿ ಮಾತ್ರ ಹಿಡಿದು ಎಡಗೈಯಲ್ಲಿ ಗೆಲ್ಲು ಹಿಡಿದುಕೊಳ್ಳುವ ಅಭ್ಯಾಸ ಇದೆಯಲ್ಲ, ಅದರಲ್ಲಿ ಹೋಗುವುದು ಎಡಗೈ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಎಲ್ಲಿ ತಾಗಿದೆ ಎನ್ನುವುದರ ಮೇಲೆ ಏನು ಮಾಡಬೇಕು ಎನ್ನುವುದು ನಿಂತಿದೆ. ಕೈಕಾಲು ಆದರೆ ಬಿಗಿಯಾಗಿ ಕಟ್ಟಬಹುದು. ತೊಡೆಸಂದು, ಕಂಕುಳು, ಭುಜ, ಕುತ್ತಿಗೆ ಆದರೆ ಕಟ್ಟಲಾಗುವುದಿಲ್ಲ, ಬೇರೆ ದಾರಿ ಬೇಕು.

ಎಷ್ಟು ರಕ್ತ ಹೋದರೆ ಅಪಾಯ? 60 ಕಿಲೋ ತೂಕದವನ ಮೈಯಲ್ಲಿ ನಾಲ್ಕು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ರಕ್ತ ಇರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಹೋಯಿತೆಂದರೆ ಜೀವ ಅಂಚಿಗೆ ಬಂದ ಹಾಗೆ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿ, ತರಗೆಲೆಯ ಮೇಲೆ, ಎಷ್ಟು ಬಿದ್ದಿದೆ ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಕಪ್ಪು ಪ್ಯಾಂಟು ಹಾಕಿದ್ದರೆ, ಮಳೆಯಲ್ಲಿ ನೆನೆದಿದ್ದರೆ ಇನ್ನೂ ಕಷ್ಟ. ಆದ್ದರಿಂದ ಅಳತೆ ನೋಡಲು ಹೋಗಬೇಡಿ. ರಕ್ತ ಚಿಮ್ಮುತ್ತಿದೆಯಾ, ನಿಲ್ಲದೆ ಹರಿಯುತ್ತಿದೆಯಾ, ಬಟ್ಟೆ ನೆನೆದು ತೊಟ್ಟಿಕ್ಕುತ್ತಿದೆಯಾ, ಕೈಯೋ ಕಾಲೋ ತುಂಡಾಗಿದೆಯಾ, ಆಳು ಬಿಳಚಿಕೊಂಡು ಏನೇನೋ ಮಾತಾಡುತ್ತಿದ್ದಾನಾ? ಇದರಲ್ಲಿ ಒಂದು ಇದ್ದರೂ ಸಾಕು, ಕೂಡಲೇ ಕೈ ಹಾಕಿ.

ಮೆಷಿನ್ ಸ್ಟಾರ್ಟ್ ಮಾಡುವ ಮೊದಲು

ಪೆಟ್ಟಿಗೆಯಲ್ಲಿ ಏನೇನು ಇರಬೇಕು ಎಂದು ದೊಡ್ಡ ಪಟ್ಟಿ ಬೇಡ. ಎರಡು ಟೂರ್ನಿಕೆಟ್ (ಕೈಕಾಲಿಗೆ ಬಿಗಿಯುವ, ತಿರುಗಿಸುವ ಕಡ್ಡಿ ಇರುವ ಪಟ್ಟಿ), ನಾಲ್ಕೈದು ರೋಲ್ ಗಾಜ್ ಬಟ್ಟೆ, 15 ಸೆಂಟಿಮೀಟರ್ ಅಗಲದ ಎರಡು ಕ್ರೇಪ್ ಬ್ಯಾಂಡೇಜ್, ಗ್ಲೌಸ್, ಒಳ್ಳೆ ಕತ್ತರಿ, ಒಂದು ಮಾರ್ಕರ್ ಪೆನ್. ಗಾಜ್, ಬ್ಯಾಂಡೇಜ್ ಎಲ್ಲ ಬದಿಯಡ್ಕ, ಕುಂಬಳೆಯ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ದುಡ್ಡು ಇದ್ದರೆ ರಕ್ತ ಹೆಪ್ಪುಗಟ್ಟಿಸುವ ಔಷಧಿ ಸೇರಿಸಿದ ಗಾಜ್ ಕೂಡ ಇದೆ, ಕ್ವಿಕ್‌ಕ್ಲಾಟ್, ಸೆಲಾಕ್ಸ್ ಎಂಬ ಹೆಸರಿನಲ್ಲಿ. ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಟೂರ್ನಿಕೆಟ್ ಆನ್‌ಲೈನಿನಲ್ಲಿ ತರಿಸುವಾಗ ಜಾಗ್ರತೆ. ಕ್ಯಾಟ್ ಎನ್ನುವ ಮಾದರಿಯ ನಕಲಿ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಬಿಗಿಯುವಾಗ ಅದರ ಕಡ್ಡಿ ಬಗ್ಗುತ್ತದೆ, ಮುರಿಯುತ್ತದೆ. ತೀರಾ ಅಗ್ಗಕ್ಕೆ ಸಿಕ್ಕಿದರೆ ಸಂಶಯ ಪಡಿ.

ಇದೆಲ್ಲ ಇರಬೇಕಾದ್ದು ಪಿಕಪ್ಪಿನ ಸೀಟಿನ ಅಡಿಯಲ್ಲಿ ಅಲ್ಲ. ಒಂದು ಟೂರ್ನಿಕೆಟ್ ಮರ ಹತ್ತುವವನ ಬೆಲ್ಟಿನಲ್ಲಿ, ಎಡಗೈಗೂ ಬಲಗೈಗೂ ಎಟುಕುವ ಹಾಗೆ. ಇನ್ನೊಂದು ಮತ್ತು ಉಳಿದ ಸಾಮಾನು ಕೆಳಗಿನವನ ಹತ್ತಿರ, ಮರದಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ, ಕೆಂಪು ಚೀಲದಲ್ಲಿ.

ಕೆಲಸ ಶುರುವಾಗುವ ಮುಂಚೆ ಎರಡು ನಿಮಿಷ ಮಾತಾಡಿ. ಯಾರು ಗಾಯ ನೋಡುವುದು, ಯಾರು ಫೋನ್ ಮಾಡುವುದು, ಯಾರು ರಸ್ತೆಗೆ ಓಡುವುದು. ನಮ್ಮ ತಂಡಗಳಲ್ಲಿ ಒಬ್ಬ ತುಳು, ಒಬ್ಬ ಮಲಯಾಳ, ಇನ್ನೊಬ್ಬ ಬಂಗಾಳದಿಂದ ಬಂದವನು, ಹೀಗಿರುತ್ತಾರೆ. ಹೇಳಿದ್ದು ಎಲ್ಲರಿಗೂ ಅರ್ಥವಾಗಿದೆಯಾ ನೋಡಿ. ಹಾಗೆಯೇ ಯಾರಾದರೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದಾರಾ ಎಂದು ಕೇಳಿಟ್ಟುಕೊಳ್ಳಿ. ಅಂಥವರಿಗೆ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಅವರು ಮೆಷಿನ್ ಹಿಡಿಯುವುದೇ ಬೇಡ.

ತಾಗಿತು. ಈಗ?

ಮೊದಲು ಮೆಷಿನ್ ಆಫ್. ತಲೆ ಎತ್ತಿ ಮೇಲೆ ನೋಡಿ: ಅರ್ಧ ಕೊಯ್ದ ಗೆಲ್ಲು ನೇತಾಡುತ್ತಿದೆಯಾ, ಕರೆಂಟ್ ಲೈನ್ ತಾಗಿದೆಯಾ? ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊಸ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ. ಲೈನಿಗೆ ಏನಾದರೂ ತಾಗಿದ್ದರೆ ಕರೆಂಟ್ ಆಫ್ ಆಯಿತೆಂದು ಖಾತ್ರಿಯಾಗುವ ತನಕ ಹತ್ತಿರ ಹೋಗಬೇಡಿ, ಇಲ್ಲದಿದ್ದರೆ ಬಿದ್ದವರು ಇಬ್ಬರಾಗುತ್ತಾರೆ.

ಜಾಗ ಸರಿಯಿದ್ದರೆ ಗಾಯಾಳುವನ್ನು ನೆಲದಲ್ಲಿ ಮಲಗಿಸಿ. ನಡೆಸಿಕೊಂಡು ಮನೆ ಜಗಲಿಗೆ ಕರೆದುಕೊಂಡು ಹೋಗುವುದು ಬೇಡ. ಒಬ್ಬ ಫೋನಿಗೆ ಓಡಲಿ, ನೀವು ಗಾಯಕ್ಕೆ. ಪ್ಯಾಂಟನ್ನೋ ಲುಂಗಿಯನ್ನೋ ಕತ್ತರಿಸಿ ಗಾಯ ಕಣ್ಣಿಗೆ ಕಾಣಬೇಕು. ಒಂದೇ ಗಾಯ ಎಂದುಕೊಳ್ಳಬೇಡಿ, ಕಂಕುಳು, ಬೆನ್ನು, ತೊಡೆಸಂದಿಗೆಲ್ಲ ಕೈ ಹಾಕಿ ಸವರಿ ಹೊರಗೆ ತೆಗೆದು ನೋಡಿ, ಅಂಗೈ ಕೆಂಪಾಗಿದೆಯಾ ಎಂದು. ಗ್ಲೌಸ್ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ತೊಟ್ಟೆಯಾದರೂ ಕೈಗಿರಲಿ.

ರಕ್ತ ಚಿಮ್ಮದೆ ಬರೀ ಹರಿಯುತ್ತಿದ್ದರೆ ಒತ್ತುವುದರಿಂದಲೇ ಹೆಚ್ಚಿನವು ನಿಲ್ಲುತ್ತವೆ. ಆದರೆ ಒತ್ತುವುದೆಂದರೆ ಅಂಗೈ ಇಟ್ಟುಕೊಂಡು ಕೂರುವುದಲ್ಲ. ಗಾಯದ ಮೇಲೆ ಮಡಚಿದ ಗಾಜ್ ಇಡಿ. ಮಂಡಿಯೂರಿ, ಎರಡೂ ಕೈ ಒಂದರ ಮೇಲೊಂದು ಇಟ್ಟು, ಮೊಣಕೈ ನೇರ ಮಾಡಿ, ನಿಮ್ಮ ಮೈಭಾರವನ್ನೆಲ್ಲ ಅದರ ಮೇಲೆ ಬಿಡಿ. ಹತ್ತು ನಿಮಿಷ, ವಾಚ್ ನೋಡಿಕೊಂಡು. ನಿಂತಿತಾ ಎಂದು ನಡುನಡುವೆ ಎತ್ತಿ ನೋಡುವುದು ನಮ್ಮೆಲ್ಲರ ಚಟ. ಎತ್ತಿದ ಕೂಡಲೇ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಮೇಲಿಂದ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಮತ್ತೂ ನೆನೆಯಿತೆಂದರೆ ಮೇಲೆ ಮೇಲೆ ಬಟ್ಟೆ ಪೇರಿಸಿ ಏನೂ ಉಪಯೋಗವಿಲ್ಲ, ನೀವು ಒತ್ತುತ್ತಿರುವ ಜಾಗವೇ ಸರಿಯಿಲ್ಲ ಎಂದು ಅರ್ಥ. ಆಗ ಎಲ್ಲ ತೆಗೆದು ರಕ್ತ ಎಲ್ಲಿಂದ ಉಕ್ಕುತ್ತಿದೆ ಎಂದು ಹುಡುಕಿ ಅಲ್ಲಿಗೇ ಬೆರಳು ಇಡಬೇಕು. ರಕ್ತ ನಿಂತ ಮೇಲೆ ಗಾಜ್ ತೆಗೆಯದೆ, ಮೇಲಿಂದ ಕ್ರೇಪ್ ಬ್ಯಾಂಡೇಜ್ ಎಳೆದು ಬಿಗಿಯಾಗಿ ಸುತ್ತಿ.

ಗಾಯದೊಳಗೆ ಗೆಲ್ಲಿನ ಚೂಪು ತುಂಡು ಚುಚ್ಚಿ ನಿಂತಿದ್ದರೆ ಅದನ್ನು ಎಳೆಯಬೇಡಿ. ಅದೇ ರಕ್ತವನ್ನು ತಡೆದು ಹಿಡಿದಿರಬಹುದು. ಸುತ್ತಲೂ ಬಟ್ಟೆ ಒತ್ತಿ, ಅಲ್ಲಾಡದ ಹಾಗೆ ಕಟ್ಟಿ.

ಟೂರ್ನಿಕೆಟ್: ಹೆದರಿಕೆ ಬಿಡಿ

ನಮ್ಮೂರಲ್ಲಿ ಇದಕ್ಕೊಂದು ವಿಚಿತ್ರ ತೊಡಕು ಇದೆ. ಹಾವು ಕಚ್ಚಿದರೆ ಕಟ್ಟಬೇಡಿ, ಬಿಗಿಯಬೇಡಿ ಎಂದು ಎಲ್ಲ ಕಡೆ ಹೇಳಿ ಹೇಳಿ ಜನರಿಗೆ ತಲೆಗೆ ಹೋಗಿದೆ. ಹೋಗಬೇಕಾದ್ದೇ, ಆ ಮಾತು ಸರಿ. ಆದರೆ ಈಗ ಯಾರ ಕಾಲಿಂದ ರಕ್ತ ಚಿಮ್ಮಿದರೂ ಪಕ್ಕದಲ್ಲಿ ನಿಂತವರು "ಕಟ್ಟಬೇಡಿ ಮಾರಾಯ್ರೇ, ಕಾಲು ಕೊಳೆಯುತ್ತದೆ" ಎನ್ನುತ್ತಾರೆ. ಹಾವಿಗೆ ಕಟ್ಟಬಾರದು. ಚಿಮ್ಮುವ ರಕ್ತಕ್ಕೆ ಕಟ್ಟಲೇಬೇಕು. ಎರಡನ್ನೂ ಕಲಸಬೇಡಿ.

ಕಾಲು ಹೋಗುತ್ತದೆ ಎನ್ನುವ ಭಯಕ್ಕೂ ಉತ್ತರ ಇದೆ. ಮೊಣಕಾಲಿನ ಆಪರೇಷನ್ ಮಾಡುವಾಗ ಡಾಕ್ಟರುಗಳೇ ತೊಡೆಗೆ ಪಟ್ಟಿ ಬಿಗಿದು ಎರಡು ಗಂಟೆಯ ತನಕ ಇಡುತ್ತಾರೆ. 2006ರಲ್ಲಿ ಬಾಗ್ದಾದಿನ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳ ಲೆಕ್ಕ ನೋಡಿದಾಗ, ಮೈ ತಣ್ಣಗಾಗಿ ನಾಡಿ ಇಳಿಯುವ ಮೊದಲೇ ಕಟ್ಟಿಸಿಕೊಂಡವರಲ್ಲಿ 100ಕ್ಕೆ 90 ಮಂದಿ ಉಳಿದಿದ್ದರು. ಆ ಮೇಲೆ ಕಟ್ಟಿದವರಲ್ಲಿ ಉಳಿದದ್ದು 10. ಕಟ್ಟಿದ ಒಂದೇ ಕಾರಣಕ್ಕೆ ಕೈಯೋ ಕಾಲೋ ಕಳಕೊಂಡವರು ಒಬ್ಬರೂ ಇರಲಿಲ್ಲ. ಪೆರ್ಲದಿಂದ ಮಂಗಳೂರಿಗೆ ಎರಡು ಗಂಟೆಯೊಳಗೆ ಮುಟ್ಟಬಹುದು, ಅಲ್ವಾ?

ಹಾಕುವ ಕ್ರಮ ಹೀಗೆ:

1. ಗಾಯಕ್ಕಿಂತ ಮೇಲೆ, ಅಂದರೆ ಹೃದಯದ ಕಡೆಗೆ, 5ರಿಂದ 7 ಸೆಂಟಿಮೀಟರ್ ಬಿಟ್ಟು ಪಟ್ಟಿ ಸುತ್ತಿ. ಮೊಣಕಾಲು, ಮೊಣಕೈ ಗಂಟಿನ ಮೇಲೆ ಬೇಡ, ಅದರ ಮೇಲಕ್ಕೆ ಹೋಗಿ. ಗಾಯ ಎಲ್ಲಿದೆ ಎಂದು ಸರಿಯಾಗಿ ಕಾಣದಿದ್ದರೆ ಕೈಯ ಅಥವಾ ಕಾಲಿನ ಬುಡದಲ್ಲೇ, ಬಟ್ಟೆಯ ಮೇಲೆಯೇ ಹಾಕಿ. ಜೇಬಿನಲ್ಲಿ ಫೋನು, ಅರ ಇದ್ದರೆ ತೆಗೆಯಿರಿ.

2. ಕಡ್ಡಿ ತಿರುಗಿಸುವ ಮೊದಲೇ ಪಟ್ಟಿಯನ್ನು ಆದಷ್ಟು ಎಳೆದು ಬಿಗಿ ಮಾಡಿ. ಅಡಿಗೆ ಬೆರಳ ತುದಿ ಹೋಗಬಾರದು. ಇಲ್ಲಿ ಸಡಿಲ ಬಿಟ್ಟರೆ ಆಮೇಲೆ ಎಷ್ಟು ತಿರುಗಿಸಿದರೂ ಆಗುವುದಿಲ್ಲ.

3. ಕಡ್ಡಿ ತಿರುಗಿಸಿ, ರಕ್ತ ನಿಲ್ಲುವ ತನಕ. ಅವನು ಕಿರುಚುತ್ತಾನೆ. ಗಾಯಕ್ಕಿಂತ ಇದರ ನೋವೇ ಜಾಸ್ತಿ ಇರುತ್ತದೆ. ಕೈ ಸಡಿಲ ಬಿಡಬೇಡಿ, "ಅಣ್ಣಾ, ನೋವಾದರೆ ಸರಿಯಾಗಿ ಕೂತಿದೆ ಎಂದು ಅರ್ಥ" ಎಂದು ಹೇಳಿ ಇನ್ನೊಂದು ಸುತ್ತು ತಿರುಗಿಸಿ. ಅರೆಬರೆ ಬಿಗಿದರೆ ಏನೂ ಕಟ್ಟದೆ ಇರುವುದಕ್ಕಿಂತ ಕೆಟ್ಟದ್ದು, ಒಳಗೆ ಬರುವ ರಕ್ತ ಬರುತ್ತದೆ, ಹಿಂದಕ್ಕೆ ಹೋಗುವುದು ಮಾತ್ರ ನಿಲ್ಲುತ್ತದೆ.

4. ಕಡ್ಡಿಯನ್ನು ಅದರ ಕೊಕ್ಕೆಯಲ್ಲಿ ಸಿಕ್ಕಿಸಿ. ಕಟ್ಟಿದ ಗಂಟೆ-ನಿಮಿಷವನ್ನು ಪಟ್ಟಿಯ ಮೇಲೆ ಅಥವಾ ಅವನ ಹಣೆಯ ಮೇಲೆ ಮಾರ್ಕರಿನಲ್ಲಿ ಬರೆಯಿರಿ.

5. ಇನ್ನೂ ಹರಿಯುತ್ತಿದ್ದರೆ ಮೊದಲಿನದ್ದನ್ನು ಬಿಚ್ಚದೆ ಅದರ ಮೇಲಕ್ಕೆ ಎರಡನೆಯದ್ದು ಹಾಕಿ. ತೊಡೆ ದಪ್ಪ ಇದ್ದರೆ ಎರಡು ಬೇಕಾಗುತ್ತದೆ.

ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಿ ಎಂದು ಹಳೇ ಪುಸ್ತಕಗಳಲ್ಲಿ ಇತ್ತು. ಮಾಡಬೇಡಿ. ಬಿಚ್ಚುವುದು ಆಸ್ಪತ್ರೆಯವರ ಕೆಲಸ.

ಟೂರ್ನಿಕೆಟ್ ಇಲ್ಲದಿದ್ದರೆ? ಬೆಲ್ಟ್ ಸಾಕಷ್ಟು ಬಿಗಿ ಬರುವುದಿಲ್ಲ. ಮರ ಹತ್ತುವ ಹಗ್ಗ, ತೆಂಗಿನ ನಾರಿನ ಬಳ್ಳಿ ಎಲ್ಲ ಕಿರಿದು, ಮಾಂಸವನ್ನು ಕತ್ತರಿಸುತ್ತದೆಯೇ ಹೊರತು ರಕ್ತ ನಿಲ್ಲಿಸುವುದಿಲ್ಲ. ಬೈರಾಸನ್ನೋ ಮುಂಡನ್ನೋ ಮಡಚಿ ಮೂರು ಬೆರಳು ಅಗಲದ ಪಟ್ಟಿ ಮಾಡಿ. ಸುತ್ತಿ, ಎಳೆದು, ಅರ್ಧ ಗಂಟು ಹಾಕಿ. ಅದರ ಮೇಲೆ ಒಂದು ಗಟ್ಟಿ ಕೋಲು ಇಟ್ಟು ಪೂರ್ತಿ ಗಂಟು ಹಾಕಿ ತಿರುಗಿಸಿ. ಕೋಲಿಗಾಗಿ ಹುಡುಕಾಡಬೇಕಿಲ್ಲ, ಪ್ಲಗ್ ಬಿಚ್ಚಲು ಮೆಷಿನಿನ ಜೊತೆ ಬರುವ ಸ್ಪ್ಯಾನರ್ ನಿಮ್ಮ ಜೇಬಲ್ಲೇ ಇರುತ್ತದೆ, ಅದು ಮುರಿಯುವುದಿಲ್ಲ. ರಕ್ತ ನಿಂತ ಮೇಲೆ ಸ್ಪ್ಯಾನರ್ ಹಿಂದಕ್ಕೆ ತಿರುಗದಂತೆ ಇನ್ನೊಂದು ಬಟ್ಟೆಯಲ್ಲಿ ಕಟ್ಟಿ. ಇದು ಕಂಪನಿ ಟೂರ್ನಿಕೆಟಿನಷ್ಟು ನಂಬಿಕೆಯದ್ದಲ್ಲ. ಹಾಗಾಗಿ ಇದನ್ನು ಕಟ್ಟುವ ಹೊತ್ತಿನಲ್ಲಿ ಇನ್ನೊಬ್ಬ ಗಾಯವನ್ನು ಒತ್ತಿಕೊಂಡೇ ಇರಬೇಕು.

ಕಟ್ಟಲಾಗದ ಜಾಗ

ತೊಡೆಸಂದು, ಕಂಕುಳು, ಭುಜದ ಬುಡ. ಇಲ್ಲಿ ಗಾಯವನ್ನು ತುಂಬಬೇಕು. ಓದುವಾಗ ಮೈ ಜುಂ ಎನ್ನುತ್ತದೆ, ಆದರೂ ಬೇರೆ ದಾರಿ ಇಲ್ಲ. ಗಾಜ್ ರೋಲಿನ ತುದಿಯನ್ನು ಬೆರಳಿನಿಂದ ಗಾಯದ ಆಳಕ್ಕೆ, ರಕ್ತ ಉಕ್ಕುವ ಜಾಗಕ್ಕೇ ತಳ್ಳಿ. ಒಂದು ಬೆರಳು ಅಲ್ಲೇ ಒತ್ತಿಕೊಂಡಿರುವಾಗ ಇನ್ನೊಂದು ಬೆರಳಿನಿಂದ ಮತ್ತಷ್ಟು ತುಂಬಿ. ಗೋಣಿಗೆ ಅಡಿಕೆ ಜಡಿದ ಹಾಗೆ, ಇನ್ನು ಹಿಡಿಸುವುದಿಲ್ಲ ಎನ್ನುವ ತನಕ. ಆಮೇಲೆ ಎರಡೂ ಕೈಯಲ್ಲಿ ಹತ್ತು ನಿಮಿಷ ಒತ್ತಿ. ಔಷಧಿ ಗಾಜ್ ಆದರೆ ಮೂರು ನಿಮಿಷ ಸಾಕು. ಗಾಜ್ ಇಲ್ಲದಿದ್ದರೆ ಇದ್ದದ್ದರಲ್ಲಿ ಶುಭ್ರವಾದ ಬಟ್ಟೆ. ನಂಜಾಗುವುದನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳಬಹುದು.

ಕುತ್ತಿಗೆ ಆದರೆ ಒಂದೇ ಕಡೆ, ಬೆರಳಿನಿಂದ, ರಕ್ತ ಬರುವ ಜಾಗದಲ್ಲೇ ಒತ್ತಿ ಹಿಡಿಯಿರಿ. ಸುತ್ತಿ ಕಟ್ಟಬೇಡಿ, ಉಸಿರು ಕಟ್ಟುತ್ತದೆ. ಅಲ್ಲಿಯ ರಕ್ತನಾಳ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬಹುದು, ಆದ್ದರಿಂದ ಮೇಲೆ ಪ್ಲಾಸ್ಟಿಕ್ ಇಟ್ಟು ಒತ್ತಿದರೆ ಒಳ್ಳೆಯದು. ಆಸ್ಪತ್ರೆ ಮುಟ್ಟುವ ತನಕ ಆ ಬೆರಳು ತೆಗೆಯುವಂತಿಲ್ಲ.

ಎದೆಗೂ ಹೊಟ್ಟೆಗೂ ಬಟ್ಟೆ ತುಂಬಬೇಡಿ. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳದೆ ಒದ್ದೆ ಬಟ್ಟೆ ಮುಚ್ಚಿ ಹೊರಡಿ. ಮರದಿಂದ ಬಿದ್ದವನ ಹೊಟ್ಟೆಯೊಳಗೆ ರಕ್ತ ಹೋಗುತ್ತಿದ್ದರೆ ಹೊರಗಿಂದ ನೀವು ಮಾಡುವಂಥದ್ದು ಏನೂ ಇಲ್ಲ, ವೇಗ ಒಂದೇ.

ಮರದ ಮೇಲಿರುವಾಗ ತಾಗಿದರೆ

ಇಳಿಯಲು ಅವಸರ ಮಾಡಬೇಡಿ. ಮೆಷಿನ್ ಆಫ್ ಮಾಡಿ ಅದರ ಹಗ್ಗದಲ್ಲಿ ತೂಗಲು ಬಿಡಿ, ಕೆಳಗಿನವರಿಗೆ ಕೂಗಿ ಹೇಳಿ. ಕೈಕಾಲಿಂದ ರಕ್ತ ಚಿಮ್ಮುತ್ತಿದ್ದರೆ ಮೊದಲು ಅಲ್ಲೇ, ಬಟ್ಟೆಯ ಮೇಲೆಯೇ, ಬುಡದಲ್ಲಿ ಟೂರ್ನಿಕೆಟ್ ಬಿಗಿಯಿರಿ. ಒಂದೇ ಕೈಯಲ್ಲಿ ಹಾಕಿಕೊಳ್ಳುವುದನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದರೆ ಮಾತ್ರ ಮೇಲೆ ಆಗುತ್ತದೆ. ಆಮೇಲೆ ಇಳಿಯಿರಿ. ಮೂವತ್ತು ಅಡಿ ಇಳಿಯುವಷ್ಟರಲ್ಲಿ ತಲೆ ತಿರುಗಿದರೆ ಆ ಇಳಿಯುವಿಕೆಯೇ ಕೊನೆಯದಾಗುತ್ತದೆ.

ಮೇಲಿದ್ದವನಿಗೆ ಪ್ರಜ್ಞೆ ತಪ್ಪಿ ಹಗ್ಗದಲ್ಲಿ ನೇತಾಡುತ್ತಿದ್ದರೆ ಬೇಗ ಇಳಿಸಬೇಕು, ಹಾಗೆ ನೇತಾಡುವುದೇ ಒಂದು ಅಪಾಯ. ಕೆಳಗೆ ಇರುವವರಲ್ಲಿ ಒಬ್ಬನಿಗಾದರೂ ಮರ ಹತ್ತಿ ಇಳಿಸಲು ಗೊತ್ತಿರಬೇಕು, ಇನ್ನೊಂದು ಹಗ್ಗವೂ ಇರಬೇಕು. ಇಲ್ಲದಿದ್ದರೆ 101ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಿ.

ಫೋನು ಮತ್ತು ದಾರಿ

108 ಅಥವಾ 112. ಗಡಿಯಲ್ಲಿ ಟವರ್ ಒಮ್ಮೆ ಕೇರಳದ್ದು, ಒಮ್ಮೆ ಕರ್ನಾಟಕದ್ದು ಹಿಡಿಯುತ್ತದೆ. ಆದ್ದರಿಂದ ಮೊದಲ ಮಾತೇ "ಕೇರಳ, ಕಾಸರಗೋಡು ಜಿಲ್ಲೆ" ಎಂದಿರಲಿ, ಆಮೇಲೆ ಪಂಚಾಯತ್, ಆಮೇಲೆ ಹತ್ತಿರದ ಭಜನಾ ಮಂದಿರವೋ ಮಸೀದಿಯೋ ರೇಷನ್ ಅಂಗಡಿಯೋ. ಮಲಯಾಳ ಬಾರದಿದ್ದರೂ "ಚೋರ ನಿಲ್ಕುನ್ನಿಲ್ಲ" (ರಕ್ತ ನಿಲ್ಲುತ್ತಿಲ್ಲ) ಎಂದರೆ ವಿಷಯ ಮುಟ್ಟುತ್ತದೆ. ಒಬ್ಬ ರಸ್ತೆಯಲ್ಲಿ ನಿಲ್ಲಲಿ.

ರಕ್ತ ನಿಲ್ಲಿಸಿದ ಮೇಲೆ ಕಾಯುವುದೋ ಹೊರಡುವುದೋ? ಆಂಬುಲೆನ್ಸ್ ಹತ್ತಿರ ಇಲ್ಲದಿದ್ದರೆ ಜೀಪು, ಕಾರು ಯಾವುದಾದರೂ ಸರಿ, ಹಿಂದಿನ ಸೀಟಿನಲ್ಲಿ ಮಲಗಿಸಿ, ಒಬ್ಬ ಗಾಯದ ಹತ್ತಿರವೇ ಕೂತು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಬೇಡ. ತೋಟದಿಂದ ಮೇಲೆ ತರಲು ಏಣಿಯ ಮೇಲೆ ಕಂಬಳಿ ಹಾಸಿದರೆ ಸಾಕು. ರಕ್ತನಾಳ ಜೋಡಿಸುವ ಸರ್ಜನ್ ಬೇಕಾದರೆ ನಾವು ಹೆಚ್ಚಾಗಿ ಮಂಗಳೂರಿಗೇ ಹೋಗುವುದು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದರ ಬಿಸಿ ಇಡೀ ಜಿಲ್ಲೆಗೆ ತಟ್ಟಿತ್ತು. ಬದಿಯಡ್ಕ, ಪೆರ್ಲದವರಿಗೆ ಅಡ್ಕಸ್ಥಳ, ಸಾರಡ್ಕ, ವಿಟ್ಲದ ದಾರಿ ಇದೆ, ಕುಂಬಳೆ, ಉಪ್ಪಳದವರಿಗೆ ಹೆದ್ದಾರಿ 66. ಆದರೆ ರಕ್ತ ನಿಲ್ಲದಿದ್ದರೆ, ಆಳು ಕುಸಿಯುತ್ತಿದ್ದರೆ, ಮಂಗಳೂರು ಎಂದು ಹಟ ಹಿಡಿಯದೆ ಹತ್ತಿರದ ಸರ್ಜನ್ ಇರುವ ಆಸ್ಪತ್ರೆಗೆ ನುಗ್ಗಿ. ಹೊರಡುವಾಗಲೇ ಫೋನ್ ಮಾಡಿ ಹೇಳಿ, ಗಾಯಾಳುವಿನ ರಕ್ತದ ಗುಂಪು ಗೊತ್ತಿದ್ದರೆ ಅದನ್ನೂ ಹೇಳಿ. ಪೊಲೀಸ್ ಕೇಸ್ ಆಗುತ್ತದೆ ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಕೇಸು ಆಮೇಲೆ, ಚಿಕಿತ್ಸೆ ಮೊದಲು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ.

ದಾರಿಯಲ್ಲಿ ಮೈ ಬೆಚ್ಚಗಿಡಿ. ಒದ್ದೆ ಅಂಗಿ ತೆಗೆದು ಕಂಬಳಿಯೋ ಟರ್ಪಾಲೋ ಹೊದೆಸಿ. ಈ ಸೆಖೆಯಲ್ಲಿ ಕಂಬಳಿ ಯಾಕೆ ಎನ್ನಬೇಡಿ, ರಕ್ತ ಹೋದವನ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನೀರು, ಸೋಡಾ, ಚಾ, ಎಳನೀರು ಏನೂ ಕುಡಿಸಬೇಡಿ, ಆಪರೇಷನ್ ಆಗಬೇಕಾದ ಹೊಟ್ಟೆ. ತುಟಿ ಒದ್ದೆ ಮಾಡಿದರೆ ಸಾಕು.

ಕಮ್ಯುನಿಸ್ಟ್ ಗಿಡದ ಸೊಪ್ಪು ಜಜ್ಜಿ ರಸ ಹಿಂಡುವುದು ಸಣ್ಣ ಗೀರಿಗೆ ನಡೆಯಲಿ, ನನಗೆ ಅದರಲ್ಲಿ ಜಗಳ ಇಲ್ಲ. ಮೆಷಿನ್ ಗಾಯಕ್ಕೆ ಸೊಪ್ಪು, ಅರಸಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅದನ್ನು ಹುಡುಕಲು ಹೋದ ಒಂದು ನಿಮಿಷ ಒತ್ತಿ ಹಿಡಿದಿದ್ದರೆ ಸಾಕಿತ್ತು.

ಬೆರಳು ತುಂಡಾಗಿದ್ದರೆ ರಕ್ತ ನಿಲ್ಲಿಸಿದ ಮೇಲೆ ಹುಡುಕಿ. ಒದ್ದೆ ಗಾಜಿನಲ್ಲಿ ಸುತ್ತಿ, ತೊಟ್ಟೆಯಲ್ಲಿ ಹಾಕಿ ಬಾಯಿ ಕಟ್ಟಿ, ಆ ತೊಟ್ಟೆಯನ್ನು ಐಸ್ ಹಾಕಿದ ನೀರಿನಲ್ಲಿ ಇಡಿ. ಐಸಿಗೆ ನೇರ ತಾಗಿದರೆ ಬೆರಳು ಹಾಳಾಗುತ್ತದೆ. ಆಸ್ಪತ್ರೆಯಲ್ಲಿ ಧನುರ್ವಾಯುವಿನ (ಟಿಟಿ) ಇಂಜೆಕ್ಷನ್ ಕೇಳಲು ಮರೆಯಬೇಡಿ.

ಕೊನೆಗೆ ಒಂದು ವಿಷಯ ಬಾಕಿ ಇದೆ. ಅಭ್ಯಾಸಕ್ಕೆ ಬೇರೆಯೇ ಒಂದು ಟೂರ್ನಿಕೆಟ್ ಇಟ್ಟುಕೊಳ್ಳಿ. ಮತ್ತೆ ಮತ್ತೆ ಬಿಗಿದರೆ ಪಟ್ಟಿ ಸವೆಯುತ್ತದೆ, ಕಡ್ಡಿ ಸೋಲುತ್ತದೆ. ಬೆಲ್ಟಿನಲ್ಲಿ ಇರುವುದನ್ನು ಪ್ಲಾಸ್ಟಿಕ್ ಕವರ್ ತೆಗೆದು, ಕೂಡಲೇ ಕೈಗೆ ಬರುವಂತೆ ಮಡಚಿಡಿ. ಬಿಸಿಲಿಗೂ ಆಯಿಲಿಗೂ ಅದು ಬೇಗ ಹಾಳಾಗುತ್ತದೆ, ಬಣ್ಣ ಮಾಸಿದ್ದು ಕಂಡರೆ ಬದಲಾಯಿಸಿ. ಒಮ್ಮೆ ಗಾಯಕ್ಕೆ ಹಾಕಿದ್ದನ್ನು ತೊಳೆದು ಮತ್ತೆ ಚೀಲಕ್ಕೆ ಹಾಕಬೇಡಿ.